ಸಿಡುಕಿ ಸಿಸ್ಟರ್‌ಗೊಂದು ಶಿಫಾರಸು ಪತ್ರ

"ಪೋಷಕರು ದಯವಿಟ್ಟು ಹೊರಗೆ ಕಾಯಬೇಕು."

ಗಿಜಿಗುಡುತ್ತಿದ್ದ ಕೋಚಿಂಗ್ ತರಗತಿ ಒಮ್ಮೆಲೇ ತಣ್ಣಗಾಯಿತು. ಅಲ್ಲಿದ್ದ ಹದಿನೇಳು ಹದಿನೆಂಟರ ಹುಡುಗ ಹುಡುಗಿಯರೆಲ್ಲ ಕೊನೆಯ ಬೆಂಚಿನತ್ತ ತಿರುಗಿದರು.

ಆ ಬೆಂಚಿನ ತುದಿಯಲ್ಲಿ ಕೂತಿದ್ದವಳೂ ಹಿಂದೆ ತಿರುಗಿ ನೋಡಿದಳು. ಹಿಂದೆ ಬರೀ ಗೋಡೆ. ಗೋಡೆಯ ಮೇಲೊಂದು ಹಲ್ಲಿ. ಅಲ್ಲಿಗೆ ಆ ಮಾತು ತನಗೇ ಎಂದು ಖಾತ್ರಿಯಾಯಿತು!

"ನಿಮಗೇ ಹೇಳ್ತಿರೋದು ಮೇಡಂ," ಫಿಸಿಕ್ಸ್ ಮೇಷ್ಟ್ರು ಚಾಕ್‌ಪೀಸ್ ಹಿಡಿದ ಕೈಯಲ್ಲೇ ಬಾಗಿಲು ತೋರಿಸಿದರು. "ಮೊದಲನೇ ದಿನ ಎಲ್ಲರಿಗೂ ಆತಂಕ ಇರುತ್ತೆ. ಹಾಗಂತ ನೀವು ಪಕ್ಕದಲ್ಲೇ ಕೂತ್ರೆ ಮಗು ಕಲಿಯೋದು ಹೇಗೆ? ಹೊರಗೆ ಕುರ್ಚಿ ಹಾಕಿದೀವಿ."

ಮಗು?!

ಬೆಳಿಗ್ಗೆ ಎಂಟಕ್ಕೆ ಡ್ಯೂಟಿಗೆ ಹೋದವಳು ಅವಳು. ಎಂಟು ಗಂಟೆ ನಿಂತ ಕಾಲಲ್ಲಿ ನಿಂತು, ಎರಡು ಸಲ ಏಪ್ರನ್ ಬದಲಿಸಿ, ಒಂದು ಬಸ್ಸು ತಪ್ಪಿಸಿಕೊಂಡು, ಇನ್ನೊಂದರಲ್ಲಿ ನೇತಾಡಿಕೊಂಡು ಇಲ್ಲಿಗೆ ಬಂದಿದ್ದಳು. ಇಷ್ಟೆಲ್ಲ ಮಾಡಿ ಬಂದರೆ, ಮಗುವಂತೆ!

ಎದ್ದು ನಿಂತಳು.

"ಇಲ್ಲಿ ಮಗು ನಾನೇ ಸಾರ್. ಹಾಜರಿ ಪುಸ್ತಕದಲ್ಲಿ ನಲವತ್ತೊಂದನೇ ನಂಬರ್ ನೋಡಿ. ನನಗೆ ಮೂವತ್ತೊಂದು ವರ್ಷ. ಒಂಬತ್ತು ವರ್ಷದಿಂದ ನರ್ಸ್ ಆಗಿದೀನಿ. ಈಗ ಮೆಡಿಕಲ್‌ಗೆ ಅರ್ಜಿ ಹಾಕ್ಬೇಕು, ಅದಕ್ಕೆ ಪರೀಕ್ಷೆ ಬರೀಬೇಕು. ವಯಸ್ಸು ನೋಡಿ ಪಾಠ ಹೇಳೋದಾದ್ರೆ ಬಾಗಿಲ ಮೇಲೆ ಬರೆದು ಹಾಕಿ. ಬಸ್ಸಲ್ಲಿ ನಿಂತು ಬರೋ ಶ್ರಮವಾದ್ರೂ ಉಳಿಯುತ್ತೆ!"

ತರಗತಿ ಗೊಳ್ಳೆಂದಿತು. ಮೇಷ್ಟ್ರ ಕಿವಿ ಕೆಂಪಾಯಿತು. ಹಾಜರಿ ಪುಸ್ತಕ ತೆರೆದು, ಬೆರಳಿಟ್ಟು ನೋಡಿ, ಮುಚ್ಚಿದರು.

"ಕ್ಷಮಿಸಿ... ತಪ್ಪಾಯ್ತು. ಮುಂದಿನ ಬೆಂಚಿಗೆ ಬನ್ನಿ."

"ಯಾಕೆ? ವಯಸ್ಸಾದವರಿಗೆ ಬೋರ್ಡ್ ಕಾಣಲ್ಲ ಅಂತಲಾ?"

"ಅಲ್ಲ. ಹಿಂದೆ ಕೂತವರು ನಿದ್ದೆ ಮಾಡ್ತಾರೆ. ನಿಮ್ಮನ್ನ ನೋಡಿದ್ರೆ ನಿಂತೇ ನಿದ್ದೆ ಹೋಗೋ ಹಾಗಿದೀರಿ."

ಮತ್ತೆ ಗೊಳ್ಳೆಂಬ ನಗು! ಅವಳು ದಬದಬ ಹೆಜ್ಜೆ ಹಾಕಿ ಮುಂದಿನ ಬೆಂಚಿನಲ್ಲಿ ಕುಕ್ಕರಿಸಿದಳು.

'ಇವನ ಮೂಗಿಗೆ ದಬ್ಬಳ ಚುಚ್ಚ!'

*

ಮೂಳೆ ವಾರ್ಡಿನಲ್ಲಿ ಅವಳಿಗೆ 'ಸಿಡುಕಿ ಸಿಸ್ಟರ್' ಎಂದೇ ಹೆಸರು. ಬಾಯಿ ಬೈಯುತ್ತಿದ್ದರೂ ಸೂಜಿ ಹಾಕಿದ್ದೇ ಗೊತ್ತಾಗದಷ್ಟು ಹಗುರ ಅವಳ ಕೈ. ಹಾಗಾಗಿ ಬೈಸಿಕೊಂಡವರೇ ಮಾರನೇ ದಿನ "ಸಿಡುಕಿ ಸಿಸ್ಟರ್ ಇಲ್ವಾ?" ಎಂದು ಹುಡುಕುತ್ತಿದ್ದರು.

ಆದರೆ ಒಂದು ವರ್ಷದಿಂದ ಆ ಸಿಡುಕಿಗೆ ಬೇರೆಯದೇ ಕಾರಣವಿತ್ತು.

ಅವಳ ವಾರ್ಡಿಗೆ ಕಾಲು ಮುರಿದುಕೊಂಡ ಒಬ್ಬ ಅಂಚೆಯಣ್ಣ ಬಂದಿದ್ದ. ಬೆಳಿಗ್ಗೆ ಪ್ಲಾಸ್ಟರ್ ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಅವನ ಕಾಲ್ಬೆರಳು ತಣ್ಣಗಾಗಿತ್ತು. ಉಗುರು ಒತ್ತಿ ಬಿಟ್ಟರೆ ಕೆಂಪು ಮರಳುತ್ತಿರಲಿಲ್ಲ. ಪ್ಲಾಸ್ಟರ್ ಬಿಗಿಯಾಗಿ ಒಳಗೆ ರಕ್ತ ನಿಂತಿದೆ ಎಂದು ಅವಳಿಗೆ ಕೂಡಲೇ ಗೊತ್ತಾಯಿತು. ಡಾಕ್ಟರಿಗೆ ಫೋನ್ ಮಾಡಿದಳು.

"ಹೊಸ ಪ್ಲಾಸ್ಟರ್ ನೋಯದೇ ಇರುತ್ತಾ ಸಿಸ್ಟರ್? ಮಾತ್ರೆ ಕೊಡಿ."

ಇನ್ನೊಂದು ಸಲ ಮಾಡಿದಳು. ಮತ್ತೊಂದು ಸಲ ಮಾಡಿದಳು. "ಹೊರರೋಗಿಗಳ ಸಾಲು ಮುಗೀಲಿ, ಬರ್ತೀನಿ" ಎಂಬ ಉತ್ತರ ಬಂತು.

ಡಾಕ್ಟರ್ ಬಂದಾಗ ಸಂಜೆಯಾಗಿತ್ತು. ಮೂರನೇ ದಿನ ಅಂಚೆಯಣ್ಣನ ಕಾಲನ್ನು ಮಂಡಿಯ ಕೆಳಗೆ ತೆಗೆದರು.

ಪ್ಲಾಸ್ಟರ್ ಕತ್ತರಿಸುವ ಕತ್ತರಿ ಆ ಮಧ್ಯಾಹ್ನವೆಲ್ಲ ಅವಳ ಮೇಜಿನ ಡ್ರಾಯರಿನಲ್ಲೇ ಇತ್ತು. ಕತ್ತರಿಸಲು ಅಪ್ಪಣೆ ಮಾತ್ರ ಇರಲಿಲ್ಲ.

ಅಂಚೆಯಣ್ಣ ಅವಳನ್ನು ದೂರಲೇ ಇಲ್ಲ. "ನೀವು ಫೋನ್ ಮಾಡಿದ್ದು ನನಗೆ ಕೇಳಿಸ್ತಿತ್ತು ಸಿಸ್ಟರ್... ಮೂರು ಸಲ" ಎಂದಷ್ಟೇ ಅಂದ. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲವೇನೋ!

ಮರುವಾರವೇ ಮೆಡಿಕಲ್ ಓದುತ್ತೇನೆ ಎಂದಳು. ಶುರುವಾಯಿತು ನೋಡಿ ಎಲ್ಲರ ಕಾಟ.

"ನರ್ಸ್ ಆಗಿರೋಕೆ ಏನು ಕಮ್ಮಿ ಆಗಿದೆ?" ಎಂದು ಹೆಡ್ ಸಿಸ್ಟರ್ ಮುಖ ಊದಿಸಿಕೊಂಡರು. "ಓಹೋ, ನಮ್ಮ ಕುರ್ಚಿಗೇ ಕಣ್ಣು ಹಾಕಿದ್ರಾ?" ಎಂದು ಡಾಕ್ಟರರು ನಕ್ಕರು. ಮನೆಯಲ್ಲಿ ಅಮ್ಮನಂತೂ ತಟ್ಟೆಯನ್ನು ಟಣ್ಣೆಂದು ಕುಕ್ಕಿದಳು.

"ಡಾಕ್ಟರನ್ನ ಮದುವೆ ಆಗೇ ಅಂದ್ರೆ ತಾನೇ ಡಾಕ್ಟರ್ ಆಗ್ತೀನಿ ಅಂತಾಳಲ್ಲ! ನಿನ್ನ ಜೊತೆಯವರ ಮಕ್ಕಳು ಸ್ಕೂಲಿಗೆ ಹೋಗ್ತಿದಾವೆ. ನೀನು ಹೋಗೋಕೆ ಹೊರಟಿದೀಯ!"

"ಅಮ್ಮಾ, ಊಟ ಹಾಕ್ತೀಯೋ ಇಲ್ವೋ?"

"ಹಾಕ್ತೀನಿ. ಹಾಕ್ದೆ ಎಲ್ಲಿ ಹೋಗ್ಲಿ?"

*

ಮೊದಲ ಟೆಸ್ಟಿನಲ್ಲಿ ಅವಳಿಗೆ ಬಂದದ್ದು ಅರವತ್ತಕ್ಕೆ ಹನ್ನೊಂದು. ಉತ್ತರಪತ್ರಿಕೆಯ ತುಂಬ ಕೆಂಪು ಶಾಯಿ. 'ಲೆಕ್ಕ ಸರಿ, ದಿಕ್ಕು ತಪ್ಪು' ಎಂದು ನಾಲ್ಕು ಕಡೆ ಬರೆದಿತ್ತು.

"ಲೆಕ್ಕ ಸರಿ ಇದ್ಮೇಲೆ ಅರ್ಧ ಅಂಕ ಕೊಡೋಕೆ ಏನು ರೋಗ ಸಾರ್?"

"ಎಡಗಾಲು ಮುರಿದವನಿಗೆ ಬಲಗಾಲಿಗೆ ಪ್ಲಾಸ್ಟರ್ ಹಾಕಿದ್ರೆ ಅರ್ಧ ಸಂಬಳ ಕೊಡ್ತಾರಾ?"

ಬಾಯಿ ಮುಚ್ಚಿಸಿಬಿಟ್ಟ! ಅವಳಿಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ಆದರೆ ಮರುದಿನದಿಂದ ಮೇಷ್ಟ್ರು ತರಗತಿಗೆ ಅರ್ಧ ಗಂಟೆ ಮೊದಲೇ ಬಂದು ಕೂರತೊಡಗಿದರು. "ನಿಮ್ಮ ಶಿಫ್ಟ್ ನಾಲ್ಕಕ್ಕೆ ಮುಗಿಯುತ್ತೆ ಅಲ್ವಾ? ಐದಕ್ಕೆ ಬನ್ನಿ" ಎಂದರು, ಅಷ್ಟೇ.

"ಡ್ರಿಪ್ ಬಾಟಲಿನ ಯಾಕೆ ಎತ್ತರಕ್ಕೆ ನೇತು ಹಾಕ್ತೀರಿ?" ಒಂದು ದಿನ ಕೇಳಿದರು.

"ಇದೇನು ಪ್ರಶ್ನೆ ಸಾರ್? ಕೆಳಗಿಟ್ರೆ ಔಷಧಿ ಹೋಗಲ್ಲ. ರಕ್ತಾನೇ ಪೈಪಿಗೆ ವಾಪಸ್ ಬರುತ್ತೆ. ಅಷ್ಟೂ ಗೊತ್ತಿಲ್ವಾ?"

"ನನಗೆ ಗೊತ್ತು. ನಿಮಗೂ ಗೊತ್ತು. ಮತ್ತೆ ನಿನ್ನೆ ಟೆಸ್ಟಲ್ಲಿ ಹದಿನೇಳನೇ ಪ್ರಶ್ನೆ ಯಾಕೆ ಬಿಟ್ರಿ? ಅದೂ ಇದೇ."

ಅವಳು ಪ್ರಶ್ನೆಪತ್ರಿಕೆ ಎಳೆದುಕೊಂಡು ನೋಡಿದಳು. ಎತ್ತರ, ಒತ್ತಡ, ಕೊಳವೆ... ಅರೇ! ಒಂಬತ್ತು ವರ್ಷ ಕೈಯಾರೆ ಮಾಡಿದ್ದೇ ಇಲ್ಲಿ ವೇಷ ಹಾಕಿಕೊಂಡು ಕೂತಿದೆಯಲ್ಲ!

ಅವತ್ತು ಮೊದಲ ಸಲ ಮೇಷ್ಟ್ರ ಮುಖವನ್ನು ಸರಿಯಾಗಿ ನೋಡಿದಳು. ಮೂವತ್ತಾರು ಮೂವತ್ತೇಳರ ವಯಸ್ಸು. ಅಂಗಿಯ ತೋಳಿನ ಮೇಲೆ ಚಾಕ್ ಪುಡಿ. ಕನ್ನಡಕದ ಹಿಂದೆ, ಕಣ್ಣಿನ ಕೆಳಗೆ ಅವಳದ್ದೇ ಥರದ ಕಪ್ಪು.

'ಇವನೂ ಸರಿಯಾಗಿ ನಿದ್ದೆ ಮಾಡಲ್ಲ. ಯಾಕೋ?'

ಉತ್ತರ ತಾನಾಗಿಯೇ ಬಂತು. ಒಂದು ಸಂಜೆ ಮೇಷ್ಟ್ರು ಡಸ್ಟರನ್ನು ಅತ್ತಿತ್ತ ಸರಿಸುತ್ತ ನಿಂತರು.

"ಸಿಸ್ಟರ್... ಒಂದು ಸಹಾಯ ಕೇಳಬೇಕಿತ್ತು. ನಮ್ಮ ತಂದೆಗೆ ಲಕ್ವ ಹೊಡೆದು ಮೂರು ವರ್ಷ ಆಯ್ತು. ಮಲಗಿದಲ್ಲೇ. ನಾನೂ ಅಕ್ಕನೂ ನೋಡ್ಕೊಳ್ತೀವಿ. ಈಗ ಬೆನ್ನ ಕೆಳಗೆ ಹುಣ್ಣಾಗಿದೆ. ಎಷ್ಟು ಮುಲಾಮು ಹಚ್ಚಿದ್ರೂ..."

"ಎಷ್ಟು ದಿನದಿಂದ?"

"ಮೂರು ವಾರ."

"ಮೂರು ವಾರ! ಬಾಯಿಗೆ ಬೀಗ ಹಾಕ್ಕೊಂಡಿದ್ರಾ ಇಷ್ಟು ದಿನ?"

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದಳು. ಕಿಟಕಿಯ ಪಕ್ಕದ ಮಂಚದಲ್ಲಿ ಮುದುಕರು ಮಲಗಿದ್ದರು. ಲಕ್ವ ಅವರ ಮಾತನ್ನೆಲ್ಲ ಕಸಿದುಕೊಂಡು ಎರಡೇ ಪದ ಉಳಿಸಿತ್ತು.

"ನೋವಿದ್ಯಾ ಯಜಮಾನ್ರೇ?"

"ಆಯ್ತು ಬಿಡು."

"ಮಗ ಚೆನ್ನಾಗಿ ನೋಡ್ಕೊಳ್ತಾರಾ?"

"ಆಯ್ತು... ಬಿಡು!" ಈ ಸಲ ಉದ್ದನೆಯ ನಿಟ್ಟುಸಿರಿನ ಜೊತೆ.

ಅವಳು ಕಿಸಕ್ಕನೆ ನಕ್ಕಳು. ಬಿಸಿನೀರು ಹಿಡಿದು ನಿಂತಿದ್ದ ಮೇಷ್ಟ್ರು ಆ ನಗುವನ್ನೇ ನೋಡುತ್ತ ನೀರನ್ನು ತಮ್ಮ ಕಾಲ ಮೇಲೆ ಚೆಲ್ಲಿಕೊಂಡರು.

"ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೀಬಾರದು, ಎತ್ತಬೇಕು. ಎಳೆದ್ರೆ ಚರ್ಮ ಸುಲಿಯುತ್ತೆ."

"ಘರ್ಷಣೆ..." ಮೇಷ್ಟ್ರು ಗೊಣಗಿದರು.

"ಹೂಂ, ನಿಮ್ಮದೇ ಘರ್ಷಣೆ! ಊರ ಮಕ್ಕಳಿಗೆಲ್ಲ ಪಾಠ ಹೇಳ್ತೀರಿ, ಮನೇಲಿ ಅಪ್ಪನ್ನ ಎಳೆದಾಡ್ತೀರಿ!"

"ಹೀಗಾ?"

"ಹಾಗಲ್ಲ! ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ... ಅಯ್ಯೋ, ಹಾಗಲ್ಲ ಮಾರಾಯ್ರೇ!"

ಐದನೇ ಸಲಕ್ಕೆ ಮೇಷ್ಟ್ರು ಬೆವರು ಒರೆಸಿಕೊಂಡು ಕೇಳಿದರು. "ಎಷ್ಟು ಅಂಕ?"

"ಅರವತ್ತಕ್ಕೆ ಹನ್ನೊಂದು."

ಇಬ್ಬರೂ ನಕ್ಕರು. ಒಳಗಿನಿಂದ ಕಾಫಿ ತಂದ ಅಕ್ಕ ತಮ್ಮನ ಮುಖವನ್ನೊಮ್ಮೆ, ಇವಳ ಮುಖವನ್ನೊಮ್ಮೆ ನೋಡಿ, ಲೋಟ ಇಟ್ಟು ಹೋದಳು.

ಅಲ್ಲಿಂದಾಚೆಗೆ ಪ್ರತಿ ಭಾನುವಾರ ಹುಣ್ಣಿನ ಡ್ರೆಸ್ಸಿಂಗ್, ಪ್ರತಿ ಸಂಜೆ ಫಿಸಿಕ್ಸ್. ಬೈಗುಳ ಎರಡೂ ಕಡೆ. ವಾರ್ಡಿನಲ್ಲಿ ಡ್ರಿಪ್ ಬದಲಿಸುವಾಗ ಸುಮ್ಮಸುಮ್ಮನೆ ಮುಗುಳ್ನಗುವುದು ಅವಳಿಗೆ ಅಭ್ಯಾಸವಾಯಿತು. ಮುಗುಳ್ನಕ್ಕದ್ದು ಗೊತ್ತಾದ ಕೂಡಲೇ ಸಿಡುಕುವುದೂ!

'ಓದೋ ವಯಸ್ಸಲ್ಲದ ವಯಸ್ಸಲ್ಲಿ ಓದೋಕೆ ಹೊರಟಿದೀನಿ. ಅದೇ ಸಾಲದು ಅಂತ ಇದೊಂದು ಬೇರೆ... ಥತ್!'

*

ಮೆಡಿಕಲ್ ಅರ್ಜಿಯ ಜೊತೆ ಎರಡು ಶಿಫಾರಸು ಪತ್ರ ಬೇಕಿತ್ತು. ಒಂದು ಜೊತೆಗೆ ಕೆಲಸ ಮಾಡಿದ ಡಾಕ್ಟರದ್ದು, ಇನ್ನೊಂದು ಪಾಠ ಹೇಳಿದ ಶಿಕ್ಷಕರದ್ದು. ಮೊದಲನೆಯದನ್ನು ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ ಬರೆದುಕೊಟ್ಟರು. ಎರಡನೆಯದಕ್ಕೆ ಅವಳು ಯೋಚಿಸಲೇ ಇಲ್ಲ. ಫಾರಂ ತಂದು ಮೇಷ್ಟ್ರ ಕೈಗೆ ಕೊಟ್ಟಳು.

"ಬರೀತೀರಲ್ವಾ ಸಾರ್?"

"ಬರೀದೇ ಇರ್ತೀನಾ?" ಎಂದರು ಮೇಷ್ಟ್ರು. ಅವರ ಮುಖ ಅರಳಿತ್ತು.

ಕೊನೆಯ ದಿನಾಂಕಕ್ಕೆ ಮೂರು ದಿನ ಇರುವಾಗ ಕೋಚಿಂಗ್ ಸೆಂಟರಿನ ಗುಮಾಸ್ತರು ಖಾಲಿ ಫಾರಂ ವಾಪಸ್ ಕೊಟ್ಟರು.

"ಸಾರ್ ಬರೆಯಲ್ಲವಂತೆ. ಕೆಮಿಸ್ಟ್ರಿ ಮೇಡಂ ಹತ್ರ ಬರೆಸಿಕೊಳ್ಳಬೇಕಂತೆ."

ಅವಳು ಫಾರಂ ಕಿತ್ತುಕೊಂಡಳು. ಸೀದಾ ಸ್ಟಾಫ್ ರೂಮಿಗೆ ನುಗ್ಗಿದಳು. ಕೆಮಿಸ್ಟ್ರಿ ಮೇಡಂ, ಇನ್ನಿಬ್ಬರು ಮೇಷ್ಟ್ರುಗಳು, ಎಲ್ಲರೂ ಇದ್ದರು. ಇರಲಿ!

"ಯಾಕೆ ಸಾರ್?"

ಮೇಷ್ಟ್ರು ತಲೆ ಎತ್ತಲಿಲ್ಲ. "ನನ್ನಿಂದ ಆಗಲ್ಲ ಸಿಸ್ಟರ್. ಕಾರಣ ಕೇಳಬೇಡಿ. ಮೇಡಂ ಬರೀತಾರೆ."

"ನಾನು ಯೋಗ್ಯಳಲ್ಲ ಅಂತ ಮುಖಕ್ಕೆ ಹೇಳೋ ಧೈರ್ಯ ಇಲ್ವಾ? ಎಲ್ಲರೂ ಹೇಳಿದಾರೆ, ನೀವೂ ಹೇಳಿ. ಹೇಳಿಸಿಕೊಂಡು ಅಭ್ಯಾಸ ಆಗಿದೆ ನನಗೆ!"

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಚಾಕ್‌ಪೀಸ್ ಡಬ್ಬಿ ಎತ್ತಿಕೊಂಡು ಹೊರಗೆ ಹೋಗಿಬಿಟ್ಟರು.

ಹೋಗೇಬಿಟ್ಟನಲ್ಲ!

ಕೆಮಿಸ್ಟ್ರಿ ಮೇಡಂ ಎರಡೇ ದಿನದಲ್ಲಿ ಪತ್ರ ಬರೆದು ಲಕೋಟೆ ಅಂಟಿಸಿ ಕೊಟ್ಟರು. ಅರ್ಜಿ ಹೋಯಿತು. ಅವಳು ಫಿಸಿಕ್ಸ್ ತರಗತಿಗೆ ಹೋಗುವುದನ್ನು ಬಿಟ್ಟಳು.

ಆದರೆ ಆ ಮುದುಕರ ಬೆನ್ನಿನ ಹುಣ್ಣು? ಅದು ಯಾರ ಮೇಲಿನ ಕೋಪವನ್ನೂ ಕೇಳುವುದಿಲ್ಲವಲ್ಲ! ಭಾನುವಾರದ ಬದಲು, ಮೇಷ್ಟ್ರು ಪಾಠಕ್ಕೆ ಹೋದ ಸಂಜೆಗಳಲ್ಲಿ ಹೋಗತೊಡಗಿದಳು. ಗೋಡೆಗೆ ಅಂಟಿಸಿದ್ದ ಮಗ್ಗುಲು ಬದಲಿಸುವ ಪಟ್ಟಿಯ ಕೆಳಗೆ ಬರೆದು ಬರುತ್ತಿದ್ದಳು: 'ಒರೆಸಿದ ಮೇಲೆ ಒಣಗಿಸಬೇಕು. ಎಷ್ಟು ಸಲ ಹೇಳಬೇಕು?'

ಮುಂದಿನ ಸಲ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಉತ್ತರ: 'ಒಣಗಿಸಿದ್ದೇನೆ.' ಪಕ್ಕದಲ್ಲೊಂದು ಮಾದರಿ ಪ್ರಶ್ನೆಪತ್ರಿಕೆ.

'ಯಾವನಿಗೆ ಬೇಕು ಇದು!' ಎಂದುಕೊಂಡಳು. ಬಾಗಿಲ ತನಕ ಹೋದಳು. ವಾಪಸ್ ಬಂದು ಮಡಚಿ ಬ್ಯಾಗಿಗೆ ತುರುಕಿದಳು. ಕೋಪ ಬೇರೆ, ಪ್ರಶ್ನೆಪತ್ರಿಕೆ ಬೇರೆ.

ಆಸ್ಪತ್ರೆಯ ಬಟ್ಟೆ ಜೋಡಿಸುವ ಕೋಣೆಯಲ್ಲಿ ಊಟದ ಹೊತ್ತಿಗೆ ಅದನ್ನು ಬಿಡಿಸಿದಳು. ಬಿಡಿಸಿದ್ದನ್ನು ಮಂಚದ ಪಕ್ಕ ಇಟ್ಟು ಬಂದಳು. ತಿದ್ದಿದ್ದು ಮರಳಿ ಬಂತು. ಹೀಗೆ ಎರಡು ತಿಂಗಳು, ಒಬ್ಬರ ಮುಖ ಒಬ್ಬರು ನೋಡದೆ! ಹುಣ್ಣು ಮಾಗಿ ಗುಲಾಬಿ ಬಣ್ಣದ ಚರ್ಮ ಬಂದ ವಾರವೇ ಅವಳು ಪರೀಕ್ಷೆ ಬರೆದಳು.

*

ಪರೀಕ್ಷೆ ಪಾಸಾಯಿತು. ಸಂದರ್ಶನಕ್ಕೆ ಕರೆ ಬಂತು. ಉದ್ದನೆಯ ಮೇಜಿನ ಆಚೆ ಮೂವರು.

"ಒಂಬತ್ತು ವರ್ಷ ನರ್ಸ್ ಆಗಿದ್ರಿ. ಆ ಕೆಲಸದಲ್ಲಿ ಏನು ಕೊರತೆ ಕಾಣಿಸ್ತು?" ನಡುವಿನವರು ಕೇಳಿದರು.

ಮತ್ತೆ ಅದೇ ಪ್ರಶ್ನೆ! ಬಾಯಿಪಾಠ ಮಾಡಿಕೊಂಡಿದ್ದ ನಯವಾದ ಉತ್ತರವೆಲ್ಲ ಹಾರಿಹೋಯಿತು.

"ಕೊರತೆ ನನ್ನ ಕೆಲಸದಲ್ಲಿ ಇರಲಿಲ್ಲ ಸಾರ್. ಒಬ್ಬ ಅಂಚೆಯಣ್ಣನ ಕಾಲು ಸಾಯ್ತಾ ಇದೆ ಅಂತ ಮೊದಲು ಗೊತ್ತಾಗಿದ್ದು ನರ್ಸ್‌ಗೆ. ನನಗೆ." ಎಲ್ಲವನ್ನೂ ಹೇಳಿದಳು. "ಡಾಕ್ಟರ್ ಆದ್ರೆ ಪ್ಲಾಸ್ಟರ್ ಕತ್ತರಿಸಬೇಕಾದಾಗ ಯಾರ ಅಪ್ಪಣೆಗೂ ಕಾಯಲ್ಲ. ನರ್ಸ್ ಫೋನ್ ಮಾಡಿದ್ರೆ ಮೊದಲನೇ ಸಲಕ್ಕೇ ಎದ್ದು ಬರ್ತೀನಿ. ಇಷ್ಟೇ ನನಗೆ ಬೇಕಾಗಿರೋದು."

ತುದಿಯಲ್ಲಿದ್ದ ಹಿರಿಯ ಮಹಿಳೆ ಪೆನ್ನು ಕೆಳಗಿಟ್ಟರು. "ಆ ಡಾಕ್ಟರ್ ಮೇಲೆ ಇನ್ನೂ ಕೋಪ ಇದೆಯಾ?"

"ಇದೆ. ಆದ್ರೆ ಅವತ್ತು ಅವರ ಬಾಗಿಲಲ್ಲಿ ನೂರಿಪ್ಪತ್ತು ಜನ ರೋಗಿಗಳಿದ್ರು, ಅದನ್ನೂ ನೋಡಿದೀನಿ. ಹಾಗಾಗಿ ಪೂರ್ತಿ ಕೋಪ ಮಾಡ್ಕೊಳ್ಳೋಕೂ ಆಗ್ತಿಲ್ಲ. ಅದೇ ಇನ್ನೂ ಕೋಪ!"

ಆ ಹಿರಿಯರು ನಕ್ಕುಬಿಟ್ಟರು.

ಹತ್ತು ದಿನದ ಮೇಲೆ ವಾರ್ಡಿನ ಮಧ್ಯದಲ್ಲಿ ನಿಂತು ಮೊಬೈಲಿನಲ್ಲಿ ಪಟ್ಟಿ ನೋಡಿದಳು. ಅವಳ ನಂಬರ್ ಇತ್ತು! ಹೆಡ್ ಸಿಸ್ಟರ್ ಓಡಿ ಬಂದು ತಬ್ಬಿಕೊಂಡು, "ಇನ್ನು ನನಗೆ ಸೂಜಿ ಹಾಕೋರು ಯಾರೇ?" ಎಂದು ಅತ್ತರು. ಫೋನಿನಲ್ಲಿ ಅಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ, "ಊಟ ಮಾಡಿದ್ಯಾ?" ಎಂದಳು. ದನಿ ಒದ್ದೆಯಾಗಿತ್ತು.

ಎಲ್ಲರಿಗೂ ಹೇಳಿಯಾಯಿತು. ಆದರೂ ಎದೆಯಲ್ಲಿ ಇನ್ನೂ ಯಾರಿಗೋ ಹೇಳಿಲ್ಲ ಎಂಬ ಚಡಪಡಿಕೆ. ಯಾರಿಗೆ ಎಂದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು!

'ಅವನಿಗ್ಯಾಕೆ ಹೇಳ್ಬೇಕು? ಕೆಮಿಸ್ಟ್ರಿ ಮೇಡಂಗೆ ಥ್ಯಾಂಕ್ಸ್ ಹೇಳಿ ಬರ್ತೀನಿ. ಅಷ್ಟೇ.'

ಮೇಡಂ ಥ್ಯಾಂಕ್ಸ್ ತೆಗೆದುಕೊಳ್ಳಲೇ ಇಲ್ಲ. "ನನಗ್ಯಾಕೆ ಹೇಳ್ತೀಯ? ನಿನ್ನ ಇಪ್ಪತ್ತಾರು ಟೆಸ್ಟ್ ಪೇಪರ್ ಜೋಡಿಸಿ ತಂದು ನನ್ನ ಮೇಜಿನ ಮೇಲೆ ಇಟ್ಟವನು ಅವನು. 'ನೀವೇ ನೋಡಿ, ನಿಮಗೆ ಅನ್ನಿಸಿದ್ದು ಬರೀರಿ. ನಾನು ಬರೆಯೋದು ನ್ಯಾಯ ಆಗಲ್ಲ' ಅಂದ. ಹೋಗಿ ಕೇಳು. ಒಳಗಿದಾನೆ."

*

ಮೇಷ್ಟ್ರು ಒಬ್ಬರೇ ಕೂತು ಪೇಪರ್ ತಿದ್ದುತ್ತಿದ್ದರು.

"ನನಗೆ ಸೀಟ್ ಸಿಕ್ತು."

ಮೇಷ್ಟ್ರು ಎದ್ದ ರಭಸಕ್ಕೆ ಕುರ್ಚಿ ಉರುಳಿತು. "ಗೊತ್ತಿತ್ತು! ನನಗೆ ಗೊತ್ತಿತ್ತು!"

"ಗೊತ್ತಿದ್ದವರು ಪತ್ರ ಯಾಕೆ ಬರೀಲಿಲ್ಲ?"

ಕುರ್ಚಿ ಎತ್ತಿ ನಿಲ್ಲಿಸಿದರು. ಇದ್ದಲ್ಲೇ ಇದ್ದ ಪೇಪರುಗಳನ್ನು ಮತ್ತೆ ಜೋಡಿಸಿದರು.

"ಆ ಫಾರಂನ ನಾಲ್ಕನೇ ಪ್ರಶ್ನೆ ಓದಿದ್ರಾ?"

"ಬರೆಯೋರಿಗೆ ಇರೋ ಪ್ರಶ್ನೆ ನಾನ್ಯಾಕೆ ಓದಲಿ?"

"'ಅರ್ಜಿದಾರರ ಜೊತೆ ನಿಮಗೆ ವೈಯಕ್ತಿಕ ಸಂಬಂಧ ಇದೆಯೇ? ಹೌದು ಅಥವಾ ಇಲ್ಲ, ಒಂದನ್ನು ಗುರುತಿಸಿ.'"

"ಇಲ್ಲ ಅಂತ ಗುರುತು ಹಾಕೋಕೆ ಏನಾಗಿತ್ತು?"

"ಅರ್ಧ ಗಂಟೆ ಪೆನ್ನು ಹಿಡ್ಕೊಂಡು ಕೂತಿದ್ದೆ." ಮೇಷ್ಟ್ರ ದನಿ ತಗ್ಗಿತು. "ಹೌದು ಅಂತ ಹಾಕೋಣ ಅಂದ್ರೆ... ನಿಮಗೇ ಗೊತ್ತಿಲ್ಲ. ಇಲ್ಲ ಅಂತ ಹಾಕೋಣ ಅಂದ್ರೆ... ಅದು ಸುಳ್ಳು ಅಂತ ನನಗೆ ಗೊತ್ತು. ನಿಮ್ಮ ಅರ್ಜೀಲಿ ಒಂದು ಸುಳ್ಳು ಗುರುತು ಇರಬಾರದು ಅನ್ನಿಸ್ತು."

ಅವಳು ಕೈಗೆ ಸಿಕ್ಕ ಡಸ್ಟರನ್ನು ಮೇಜಿಗೆ ಕುಕ್ಕಿದಳು.

"ಇದನ್ನ... ಅವತ್ತೇ ಹೇಳಬಹುದಿತ್ತಲ್ಲ!"

"ಪರೀಕ್ಷೆಗೆ ಎರಡೇ ತಿಂಗಳಿತ್ತು. ನಿಮ್ಮ ತಲೇಲಿ ಇನ್ನೊಂದು ಗೊಂದಲ ಯಾಕೆ ಅಂತ..."

"ಗೊಂದಲನಾ?! ಎರಡು ತಿಂಗಳು ನಿಮ್ಮನ್ನ ಬೈಕೊಂಡು ಓದಿದೀನಿ ನಾನು! ಒಂದೊಂದು ಲೆಕ್ಕ ಬಿಡಿಸೋವಾಗ್ಲೂ ಇವನಿಗೆ ತೋರಿಸ್ತೀನಿ, ಇವನಿಗೆ ತೋರಿಸ್ತೀನಿ ಅಂತ..."

"ಫಿಸಿಕ್ಸಲ್ಲಿ ಎಷ್ಟು ಬಂತು?"

"ಎಲ್ಲಕ್ಕಿಂತ ಅದರಲ್ಲೇ ಜಾಸ್ತಿ ಬಂದಿದೆ!" ಎಂದು ಕಿರುಚಿದವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಮೇಷ್ಟ್ರು ಕರವಸ್ತ್ರ ಚಾಚಿದರು. ಅದರ ತುಂಬ ಚಾಕ್ ಪುಡಿ! ಕಣ್ಣೊರೆಸಿಕೊಂಡರೆ ಕಣ್ಣು ಇನ್ನೂ ಉರಿಯಿತು.

"ಒಂದು ಕರವಸ್ತ್ರನೂ ಶುದ್ಧ ಇಲ್ಲ ನಿಮ್ಮ ಹತ್ರ..." ಮೂಗೆಳೆದುಕೊಂಡಳು. "ನೋಡಿ, ಐದೂವರೆ ವರ್ಷ ಓದಬೇಕು. ಬೇರೆ ಊರು, ಹಾಸ್ಟೆಲ್. ಓದೋವಾಗ ನಾನು ಇನ್ನೂ ಸಿಡುಕ್ತೀನಿ. ಈಗಲೇ ಹೇಳಿದೀನಿ."

"ಓದಿ. ಎಷ್ಟು ವರ್ಷ ಆದ್ರೂ ಕಾಯ್ತೀನಿ."

"ಕಾಯೋದೇನೂ ಬೇಡ! ಕಾದು ಕಾದು ಮುದುಕರಾಗೋಣ ಅಂತಲಾ? ಮುಂದಿನ ಭಾನುವಾರ ಅಕ್ಕನ್ನ ಕರ್ಕೊಂಡು ನಮ್ಮನೆಗೆ ಬನ್ನಿ, ಅಮ್ಮನ ಹತ್ರ ಮಾತಾಡಿ. ಬೈತಾಳೆ, ಬೈಸಿಕೊಳ್ಳಿ. ಆಮೇಲೆ ಪ್ರತಿ ಶನಿವಾರ ನಾನು ಬಸ್ಸು ಇಳಿಯೋ ಹೊತ್ತಿಗೆ ಸ್ಟ್ಯಾಂಡಲ್ಲಿ ನಿಂತಿರಬೇಕು."

"ನಿಂತಿರ್ತೀನಿ," ಎಂದರು ಮೇಷ್ಟ್ರು. ಅವರ ಕಣ್ಣೂ ತುಂಬಿತ್ತು; ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳ ಕೈಯನ್ನು, ಕೆಂಪು ಶಾಯಿ ಮೆತ್ತಿದ ತಮ್ಮ ಕೈಯಲ್ಲಿ, ಒಡೆಯುವ ವಸ್ತುವನ್ನು ಹಿಡಿದಂತೆ ಹಿಡಿದುಕೊಂಡರು.

ತರಗತಿಯ ಗಂಟೆ ಹೊಡೆಯಿತು. ಮೇಷ್ಟ್ರು ಗಡಿಬಿಡಿಯಲ್ಲಿ ಪುಸ್ತಕ ಎತ್ತಿಕೊಂಡು ಹೊರಟರು. ಅವರು ಬಾಗಿಲು ದಾಟಿದ ಮೇಲೆ ಅವಳು ನೋಡಿದಳು. ಕನ್ನಡಕ ಮೇಜಿನ ಮೇಲೆಯೇ ಇತ್ತು.

"ರೀ!"

ಹೆಜ್ಜೆಯ ಸದ್ದು ತಟ್ಟನೆ ನಿಂತಿತು. ಬಾಗಿಲಲ್ಲಿ ಮೇಷ್ಟ್ರ ಮುಖ ಕಾಣಿಸಿತು. "ಏನಂದ್ರಿ?"

"ಕನ್ನಡಕ ಮರೆತಿದೀರಿ ಅಂದೆ."

"ಅದಕ್ಕೆ ಮುಂಚೆ?"

ಅವಳ ಕೆನ್ನೆ ಬಿಸಿಯಾಯಿತು. ಇಷ್ಟು ದಿನ ಸಾರ್ ಸಾರ್ ಎನ್ನುತ್ತಿದ್ದ ನಾಲಿಗೆ ಅದು!

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದು ಸಲ ಕೇಳ್ಬೇಕು ಅನ್ನಿಸ್ತಿದೆ."

"ಅಬ್ಬಬ್ಬಾ, ಏನು ಕಾಟ ಅಪ್ಪಾ ನಿಮ್ಮದು!" ಎಂದು ಗದರಿದಳು. ಹತ್ತಿರ ಬಂದು ಕನ್ನಡಕವನ್ನು ತಾನೇ ಅವರ ಕಣ್ಣಿಗೆ ಏರಿಸಿ, 'ಸಿಡುಕಿ' ಎಂದು ಹೆಸರಿಟ್ಟವರು ಯಾರೂ ಕೇಳಿರದಷ್ಟು ಮೆಲ್ಲಗೆ ಅಂದಳು.

"ಕ್ಲಾಸಿಗೆ ಹೊತ್ತಾಯ್ತು... ಹೋಗಿ ಬನ್ನಿ, ರೀ."